ಸುಮಿಲೋನ್ ಮತ್ತು ಆಪೊ: ಮೀಸಲು ಕಡಲಿನ ಎರಡು ಚರಿತ್ರೆಗಳು

೧

ನೆಲದ ಒಂದು ಭಾಗವನ್ನು ಬೇರೆಯಾಗಿ ತೆಗೆದಿರಿಸಿ ಕಾಯುವ ಪದ್ಧತಿಯು ಬಹು ಪುರಾತನವಾದುದು. ದೇವರ ಕಾಡು, ಅರಸರ ಬೇಟೆಯ ಕಾಡು, ಊರಿನ ಗೋಮಾಳ, ಇವುಗಳ ಉದ್ದೇಶಗಳು ಬೇರೆ ಬೇರೆಯಾದರೂ, ಎಲ್ಲೆಯನ್ನು ಗುರುತಿಸಿ, ಅದರೊಳಗೆ ಇಂಥದನ್ನು ಮಾಡಕೂಡದೆಂದು ವಿಧಿಸುವ ಕ್ರಮವು ಎಲ್ಲದರಲ್ಲಿಯೂ ಒಂದೇ. ಕಡಲಿನ ವಿಷಯದಲ್ಲಿ ಇಂಥ ಕ್ರಮವು ವಿರಳವಾಗಿತ್ತು. ಪ್ಯಾಸಿಫಿಕ್ ಮಹಾಸಾಗರದ ಕೆಲವು ದ್ವೀಪಗಳಲ್ಲಿ, ಹವಳದ ದಿಬ್ಬದ ಒಂದು ಭಾಗದಲ್ಲಿ ಕೆಲವು ಕಾಲ ಮೀನು ಹಿಡಿಯಕೂಡದೆಂದು ಊರ ಹಿರಿಯರು ಕಟ್ಟು ಮಾಡುವ ವಾಡಿಕೆಯುಂಟು. ಪಲಾವು ದ್ವೀಪಗಳಲ್ಲಿ ಅದಕ್ಕೆ ‘ಬುಲ್’ ಎಂದು ಹೆಸರು. ಆದರೆ ಹೆಚ್ಚಿನ ದೇಶಗಳಲ್ಲಿ ಕಡಲು ಎಲ್ಲರ ಸೊತ್ತು, ಎಲ್ಲರ ಸೊತ್ತಾದುದರಿಂದ ಯಾರೊಬ್ಬರ ಹೊಣೆಯೂ ಅಲ್ಲ ಎಂಬ ಭಾವನೆಯೇ ಬಲವಾಗಿತ್ತು. ಕಡಲಿನ ಸಂಪತ್ತು ಅಕ್ಷಯವೆಂಬ ನಂಬಿಕೆಯು ಈ ಭಾವನೆಗೆ ಒತ್ತಾಸೆಯಾಗಿ ನಿಂತಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಂಬಿಕೆಯು ಸಡಿಲಿತು. ನ್ಯೂಜೀಲೆಂಡ್ ದೇಶವು ೧೯೭೧ರಲ್ಲಿ ಕಡಲ ಮೀಸಲುಗಳಿಗಾಗಿಯೇ ಒಂದು ಶಾಸನವನ್ನು ಮಾಡಿತು. ನಮ್ಮ ದೇಶದಲ್ಲಿ ತಮಿಳುನಾಡಿನ ಮನ್ನಾರ್ ಖಾರಿಯು ೧೯೮೬ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನವೆನಿಸಿತು. ಇಂದು ಲೋಕದಲ್ಲಿ ಇಂಥ ಮೀಸಲುಗಳು ಸಾವಿರಾರು ಇವೆ. ಆದರೆ ಒಂದು ಪ್ರಶ್ನೆಯು ಇವೆಲ್ಲಕ್ಕೂ ಸಮಾನವಾಗಿದೆ. ಕಡಲಿನ ಒಂದು ಭಾಗವನ್ನು ಮುಚ್ಚಿದರೆ ಮೀನಿಗೆ ಹಿತವಾಗುವುದೆಂಬುದು ಸ್ಪಷ್ಟ. ಆ ಮೀನನ್ನು ನಂಬಿ ಬದುಕುವ ಮನುಷ್ಯನಿಗೆ ಅದರಿಂದ ಆಗುವ ಹಿತವೇನು? ಬೆಸ್ತನಿಗೆ ನಷ್ಟವು ಇಂದೇ ಕಾಣುತ್ತದೆ, ಲಾಭವು ಹಲವು ವರ್ಷಗಳ ಆಚೆಗಿರುತ್ತದೆ. ಇಂದು ಉಪವಾಸವಿರೆಂದು ಯಾರು ಯಾರಿಗೆ ಹೇಳಬಲ್ಲರು?

ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಚರಿತ್ರೆಯಿಂದ ಹೇಳುವುದು ಲೇಸು. ಅದಕ್ಕೆ ತಕ್ಕ ಚರಿತ್ರೆಯು ಫಿಲಿಪ್ಪೀನ್ ದ್ವೀಪಸಮೂಹದ ನಡುಭಾಗದಲ್ಲಿ, ಸುಮಿಲೋನ್ ಮತ್ತು ಆಪೊ ಎಂಬ ಎರಡು ಕಿರು ದ್ವೀಪಗಳಲ್ಲಿ ನಡೆದಿದೆ. ಇವೆರಡೂ ಒಂದೇ ಕಡಲಿನಲ್ಲಿವೆ. ಎರಡರಲ್ಲಿಯೂ ಮೀಸಲಿಗೆ ಪ್ರೇರಕವಾದ ವಿದ್ಯಾಸಂಸ್ಥೆಯು ಒಂದೇ. ಎರಡರಲ್ಲಿಯೂ ಮೀನಿನ ಹಿಡುವಳಿಯ ಲೆಕ್ಕವು ವರ್ಷಗಟ್ಟಲೆ ದೊರೆಯುತ್ತದೆ. ಆದರೆ ಒಂದರ ಕಾವಲು ಹತ್ತು ವರ್ಷಗಳಲ್ಲಿ ಮುರಿಯಿತು, ಇನ್ನೊಂದರದು ನಿಂತಿತು. ಈ ಭೇದದ ಕಾರಣವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಆ ಕಡಲಿನ ಹಿಂದಿನ ಸ್ಥಿತಿಯನ್ನು ತಿಳಿಯಬೇಕು. ಫಿಲಿಪ್ಪೀನ್ ಜನರ ಆಹಾರದಲ್ಲಿ ಅನ್ನದ ಜೊತೆಗೆ ಮೀನೇ ಮುಖ್ಯವಾದುದು. ಚಿಕ್ಕ ದೋಣಿ, ಗಾಳ, ಬಿದಿರಿನ ಬೋನು, ಬೀಸುಬಲೆ ಇವುಗಳಿಂದ ದಿಬ್ಬದ ಅಂಚಿನಲ್ಲಿ ಮೀನು ಹಿಡಿಯುವ ಬೆಸ್ತರು ಅಲ್ಲಿ ಅಸಂಖ್ಯರು. ಹವಳದ ದಿಬ್ಬವೆಂದರೆ ಬರಿಯ ಕಲ್ಲಲ್ಲ. ಅತಿ ಸೂಕ್ಷ್ಮವಾದ ಜೀವಿಗಳು ತಲೆತಲಾಂತರದಿಂದ ಕಟ್ಟಿದ ಸುಣ್ಣದ ಕೋಟೆಯದು. ಅದರ ಬಿಲ, ಕೊಂಬೆ, ಸಂದುಗಳಲ್ಲಿ ಮರಿಗಳು ಅಡಗಿ ಬೆಳೆಯುತ್ತವೆ. ಕೋಟೆಯು ಕುಸಿದರೆ ಅದನ್ನು ಆಶ್ರಯಿಸಿದ ಮೀನೂ ಇಲ್ಲವಾಗುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಈ ಕೋಟೆಯ ಮೇಲೆ ಮೂರು ಕಡೆಯಿಂದ ಆಘಾತವಾಯಿತು. ಯುದ್ಧದಲ್ಲಿ ಉಳಿದುಹೋದ ಸಿಡಿಮದ್ದನ್ನು ನೀರಿನಲ್ಲಿ ಸಿಡಿಸಿ ಮೀನು ಹಿಡಿಯುವ ರೂಢಿಯು ಹಬ್ಬಿತು. ಇದರಲ್ಲಿ ಹಿಡಿದ ಮೀನಿಗಿಂತ ಸತ್ತು ಮುಳುಗಿದ ಮರಿಗಳೇ ಹೆಚ್ಚು. ಎರಡನೆಯದು, ಗಾಜಿನ ತೊಟ್ಟಿಗಳಲ್ಲಿ ಸಾಕುವ ಬಣ್ಣದ ಮೀನುಗಳ ವ್ಯಾಪಾರಕ್ಕಾಗಿ ಸಯನೈಡ್ ವಿಷವನ್ನು ಬಿಲಗಳಿಗೆ ಬಿಡುವುದು. ಮೂರನೆಯದು ‘ಮುರೊ-ಆಮಿ’ ಎಂಬ ಬಲೆ. ಇದನ್ನು ಯುದ್ಧಕ್ಕೆ ಮುಂಚೆ ಜಪಾನಿನ ಓಕಿನಾವಾ ಕಡೆಯ ಬೆಸ್ತರು ಅಲ್ಲಿಗೆ ತಂದರು. ಈಜುಗಾರರು ಸಾಲಾಗಿ ನಿಂತು, ಹಗ್ಗಕ್ಕೆ ಕಟ್ಟಿದ ಕಲ್ಲುಗುಂಡುಗಳನ್ನು ಹವಳದ ಮೇಲೆ ಕುಟ್ಟುತ್ತ, ಹೆದರಿದ ಮೀನನ್ನು ಬಲೆಗೆ ಅಟ್ಟುವ ವಿಧಾನವಿದು. ಈ ಈಜುಗಾರರಲ್ಲಿ ಎಷ್ಟೋ ಮಂದಿ ಎಳೆಯ ಹುಡುಗರಿರುತ್ತಿದ್ದರು. ೧೯೮೬ರಲ್ಲಿ ಸರಕಾರವು ಇದನ್ನು ನಿಷೇಧಿಸಿತು.

ಹೀಗೆ ಹಿಡಿಯುವವರು ಹೆಚ್ಚಿ, ಮೀನು ಕಡಿಮೆಯಾಗಿ, ಕಡಿಮೆಯಾದ ಮೀನನ್ನು ಹಿಡಿಯಲು ಇನ್ನಷ್ಟು ಉಗ್ರವಾದ ಸಾಧನಗಳನ್ನು ಬಳಸಿ, ಅದರಿಂದ ದಿಬ್ಬವು ಹಾಳಾಗಿ ಮೀನು ಮತ್ತೂ ಕಡಿಮೆಯಾಗುವ ಒಂದು ಸುಳಿಯು ಹುಟ್ಟಿತು. ಈ ಸುಳಿಯಲ್ಲಿ ಸಿಕ್ಕವನನ್ನು ದುಷ್ಟನೆನ್ನುವುದು ನ್ಯಾಯವಲ್ಲ. ತಾನೊಬ್ಬನು ಸಿಡಿಮದ್ದನ್ನು ಬಿಟ್ಟರೆ ನೆರೆಯವನು ಬಿಡುವನೆಂಬ ಭರವಸೆಯು ಅವನಿಗೆ ಇರಲಿಲ್ಲ.

೩

ನೆಗ್ರೋಸ್ ದ್ವೀಪದ ಡುಮಾಗೆಟೆ ಪಟ್ಟಣದಲ್ಲಿ ೧೯೦೧ರಲ್ಲಿ ಸ್ಥಾಪಿತವಾದ ಸಿಲಿಮನ್ ವಿಶ್ವವಿದ್ಯಾನಿಲಯವಿದೆ. ಅಲ್ಲಿಯ ಜೀವಶಾಸ್ತ್ರಜ್ಞರಾದ ಆಂಜೆಲ್ ಆಲ್ಕಲಾ (೧೯೨೯–೨೦೨೩) ಅವರು ಕಡಲ ಬದಿಯ ಬಡ ಕುಟುಂಬದಲ್ಲಿ ಹುಟ್ಟಿ ಬೆಳೆದವರು. ಅವರೂ ಅವರ ಸಹೋದ್ಯೋಗಿಗಳೂ, ದಿಬ್ಬದ ಒಂದು ಭಾಗದಲ್ಲಿ ಮೀನು ಹಿಡಿಯುವುದನ್ನು ಪೂರ್ತಿಯಾಗಿ ನಿಲ್ಲಿಸಿದರೆ ಉಳಿದ ಭಾಗದ ಹಿಡುವಳಿಗೆ ಏನಾಗುವುದೆಂಬುದನ್ನು ಪರೀಕ್ಷಿಸಬಯಸಿದರು. ಅದಕ್ಕಾಗಿ ಅವರು ಆರಿಸಿಕೊಂಡ ಸ್ಥಳವು ಸುಮಿಲೋನ್.

ಸುಮಿಲೋನ್ ದ್ವೀಪವು ಸೆಬು ದ್ವೀಪದ ಆಗ್ನೇಯದ ತುದಿಯ ಬಳಿ ಇದೆ. ಅದರ ವಿಸ್ತಾರವು ಇಪ್ಪತ್ತೈದು ಹೆಕ್ಟೇರಿಗೂ ಕಡಿಮೆ. ನೆಲೆಯಾಗಿ ನಿಂತ ಊರು ಅಲ್ಲಿರಲಿಲ್ಲ; ಸೆಬುವಿನ ಕರಾವಳಿಯ ನೂರರಷ್ಟು ಬೆಸ್ತರು ಬಂದು ಅದರ ಸುತ್ತ ಮೀನು ಹಿಡಿದು ಹೋಗುತ್ತಿದ್ದರು. ೧೯೭೪ರ ಡಿಸೆಂಬರಿನಲ್ಲಿ ಓಸ್ಲೋಬ್ ಪುರಸಭೆಯ ಕಟ್ಟಳೆಯ ಮೂಲಕ ದ್ವೀಪದ ಪಶ್ಚಿಮ ಭಾಗದ ದಿಬ್ಬವು, ಎಂದರೆ ಒಟ್ಟು ದಿಬ್ಬದ ಸುಮಾರು ನಾಲ್ಕನೆಯ ಒಂದು ಪಾಲು, ಮೀಸಲಾಯಿತು. ಉಳಿದ ಮುಕ್ಕಾಲು ಭಾಗದಲ್ಲಿ ಬೆಸ್ತರು ಎಂದಿನಂತೆ ಗಾಳ, ಬಲೆ, ಬೋನುಗಳನ್ನು ಬಳಸಬಹುದಾಗಿತ್ತು. ೧೯೭೬ರಿಂದ ಹಿಡುವಳಿಯ ತೂಕವನ್ನು ಬರೆದಿಡುವ ಏರ್ಪಾಡಾಯಿತು.

ಬೆಸ್ತರು ಮೊದಲು ಇದನ್ನು ಒಪ್ಪಲಿಲ್ಲವೆಂಬುದು ಸಹಜವೇ ಸರಿ. ಆದರೆ ವರ್ಷಗಳು ಕಳೆದಂತೆ ಮೀಸಲಿನೊಳಗೆ ದೊಡ್ಡ ಮೀನುಗಳು ಹೆಚ್ಚಿದುವು. ಹೊರಗಿನ ಹಿಡುವಳಿಯೂ ಏರಿತು. ೧೯೮೩–೮೪ರ ಲೆಕ್ಕದಂತೆ ದಿಬ್ಬದ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು ೩೭ ಟನ್ ಮೀನು ದೊರೆಯಿತು. ಹವಳದ ದಿಬ್ಬಗಳ ಮಟ್ಟಿಗೆ ಇದು ಬಹು ದೊಡ್ಡ ಮೊತ್ತ.

ಆದರೂ ಈ ಕಟ್ಟಡದ ಅಡಿಪಾಯದಲ್ಲಿ ಒಂದು ಬಿರುಕಿತ್ತು. ಮೀಸಲನ್ನು ಕೇಳಿದವರು ನೆಗ್ರೋಸ್ ದ್ವೀಪದ ವಿದ್ವಾಂಸರು. ಮೀನು ಹಿಡಿಯುವವರು ಸೆಬುವಿನವರು. ಇವರು ಬೇರೊಂದು ಪ್ರಾಂತದವರು. ದ್ವೀಪದಲ್ಲಿ ಊರಿಲ್ಲದುದರಿಂದ ಕಾವಲು ಊರವರ ಕೈಯಲ್ಲಿರಲಿಲ್ಲ. ಸ್ಥಳೀಯ ರಾಜಕೀಯವು ಮಾರ್ಪಟ್ಟಾಗ ಮೀಸಲಿಗೆ ಬೆಂಬಲವಾಗಿ ನಿಲ್ಲುವವರು ಕಡಿಮೆಯಾದರು. ೧೯೮೪ರಲ್ಲಿ ಕಾವಲು ಮುರಿಯಿತು. ಬೆಸ್ತರು ಮೀಸಲಿನೊಳಗೆ ನುಗ್ಗಿದರು. ಗಾಳದವರ ಹಿಂದೆಯೇ ಮುರೊ-ಆಮಿಯವರೂ ಸಿಡಿಮದ್ದಿನವರೂ ಬಂದರು.

ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಮೀಸಲು ತೆರೆದುದರಿಂದ ಬೆಸ್ತರಿಗೆ ಮೀನು ಹಿಡಿಯುವ ಕ್ಷೇತ್ರವು ಮೊದಲಿಗಿಂತ ಮೂರನೆಯ ಒಂದು ಪಾಲು ಹೆಚ್ಚಿತು. ಕ್ಷೇತ್ರ ಹೆಚ್ಚಿದರೆ ಫಲವೂ ಹೆಚ್ಚಬೇಕೆಂಬುದು ಸಾಮಾನ್ಯವಾದ ಎಣಿಕೆ. ನಡೆದುದು ಅದಕ್ಕೆ ವಿಪರೀತ. ೧೯೮೫–೮೬ರಲ್ಲಿ ಹಿಡುವಳಿಯು ಚದರ ಕಿಲೋಮೀಟರಿಗೆ ಸುಮಾರು ೨೦ ಟನ್ನಿಗೆ ಇಳಿಯಿತು. ಗಾಳದವನಿಗೂ ಬಲೆಯವನಿಗೂ ಒಂದೊಂದು ಸಲದ ಪ್ರಯತ್ನಕ್ಕೆ ದೊರೆಯುತ್ತಿದ್ದ ಮೀನು ಅರ್ಧಕ್ಕಿಂತ ಕೆಳಗಿಳಿಯಿತು. ಆಲ್ಕಲಾ ಮತ್ತು ಆಸ್ಟ್ರೇಲಿಯದ ಗ್ಯಾರಿ ರಸ್ ಅವರು ೧೯೯೦ರಲ್ಲಿ ಈ ಅಂಕಿಗಳನ್ನು ಪ್ರಕಟಿಸಿದರು. ಮುಚ್ಚಿದ ಕಾಲು ಭಾಗವು ತೆರೆದ ಮುಕ್ಕಾಲು ಭಾಗವನ್ನು ಪೋಷಿಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವು ಆ ವರೆಗೆ ದೊರೆತಿರಲಿಲ್ಲ. ಸಾಕ್ಷ್ಯವು ದೊರೆತುದು ಮೀಸಲನ್ನು ಕಳೆದುಕೊಂಡುದರಿಂದ ಎಂಬುದೇ ಈ ಚರಿತ್ರೆಯ ದುಃಖದ ಭಾಗ.

೪

ಆಪೊ ದ್ವೀಪವು ನೆಗ್ರೋಸಿನ ಆಗ್ನೇಯ ಕರಾವಳಿಯ ಎದುರಿಗೆ, ಡಾವಿನ್ ಪುರಸಭೆಯ ಎಲ್ಲೆಯಲ್ಲಿದೆ. ಇದು ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ವಿಸ್ತಾರವು ಎಪ್ಪತ್ತು ಹೆಕ್ಟೇರಿಗೆ ತುಸು ಹೆಚ್ಚು. ಸುಮಿಲೋನಿನಂತಲ್ಲದೆ ಇಲ್ಲಿ ಊರಿತ್ತು. ಕೆಲವು ನೂರು ಜನರು ಮೀನನ್ನೇ ನಂಬಿ ಬದುಕುತ್ತಿದ್ದರು. ೧೯೭೦ರ ದಶಕದಲ್ಲಿ ದ್ವೀಪದ ಸುತ್ತ ಮೀನು ಕಡಿಮೆಯಾಗಿ, ಅನೇಕರು ದೋಣಿಯಲ್ಲಿ ದೂರದ ನೀರಿಗೆ ಹೋಗಿ ಮೀನು ತರಬೇಕಾಗಿ ಬಂದಿತು.

ಸಿಲಿಮನ್ ವಿದ್ವಾಂಸರು ಇಲ್ಲಿ ಕಟ್ಟಳೆಯಿಂದ ಆರಂಭಿಸಲಿಲ್ಲ. ಅವರು ಊರವರೊಡನೆ ಮಾತನಾಡುವುದರಿಂದ ಆರಂಭಿಸಿದರು. ದಿಬ್ಬದ ಸ್ವರೂಪ, ಮೀನಿನ ಜೀವನಕ್ರಮ, ಮರಿಗಳು ಬೆಳೆಯುವ ಬಗೆ ಇವುಗಳ ವಿಷಯವಾಗಿ ಹಲವು ವರ್ಷ ಚರ್ಚೆ ನಡೆಯಿತು. ಎಲ್ಲಕ್ಕಿಂತ ಪರಿಣಾಮಕಾರಿಯಾದುದು ಒಂದು ಪ್ರಯಾಣ: ಆಪೊವಿನ ಕೆಲವು ಬೆಸ್ತರನ್ನು ಸುಮಿಲೋನಿಗೆ ಕರೆದೊಯ್ದು ಅಲ್ಲಿಯ ಮೀಸಲನ್ನು ತೋರಿಸಲಾಯಿತು. ಆಗಿನ್ನೂ ಅದರ ಕಾವಲು ಮುರಿದಿರಲಿಲ್ಲ. ನೀರಿನಲ್ಲಿ ತಾವೇ ಕಂಡ ಮೀನು ಅವರಿಗೆ ನೂರು ಉಪನ್ಯಾಸಗಳಿಗಿಂತ ಹೆಚ್ಚಾಗಿ ಮನವರಿಕೆ ಮಾಡಿತು.

ಆದರೂ ಊರೆಲ್ಲವೂ ಒಮ್ಮೆಗೇ ಒಪ್ಪಲಿಲ್ಲ. ೧೯೮೨ರಲ್ಲಿ ಹದಿನಾಲ್ಕು ಕುಟುಂಬಗಳು ಮುಂದೆ ಬಂದು, ದ್ವೀಪದ ಆಗ್ನೇಯ ಭಾಗದಲ್ಲಿ ಸುಮಾರು ೪೫೦ ಮೀಟರ್ ಉದ್ದದ ತೀರವನ್ನೂ ಅದರಿಂದ ಕಡಲಿಗೆ ಸುಮಾರು ೫೦೦ ಮೀಟರ್ ದೂರದ ವರೆಗಿನ ನೀರನ್ನೂ ಮುಚ್ಚಲು ನಿಶ್ಚಯಿಸಿದುವು. ದ್ವೀಪದ ಮೀನುಗಾರಿಕೆಯ ಕ್ಷೇತ್ರದಲ್ಲಿ ಇದು ಹತ್ತನೆಯ ಒಂದು ಪಾಲಿನಷ್ಟು. ಸರದಿಯ ಮೇಲೆ ಒಬ್ಬನು ದಡದಲ್ಲಿ ಕುಳಿತರೆ ಇಡೀ ಮೀಸಲು ಅವನ ಕಣ್ಣಿಗೆ ಬೀಳುವಷ್ಟು ಅದು ಚಿಕ್ಕದಾಗಿತ್ತು. ಕಾವಲಿಗೆ ಸಂಬಳವಿಲ್ಲ, ದೋಣಿ ಬೇಡ, ಆಯುಧ ಬೇಡ. ಮೂರು ವರ್ಷಗಳಲ್ಲಿ ಮೀಸಲಿನ ಅಂಚಿನಲ್ಲಿ ಮೀನು ಹೆಚ್ಚುತ್ತಿರುವುದನ್ನು ಉಳಿದ ಕುಟುಂಬಗಳೂ ಕಂಡುವು. ೧೯೮೫ರ ಹೊತ್ತಿಗೆ ಊರು ಒಂದಾಗಿ, ಡಾವಿನ್ ಪುರಸಭೆಯ ಮೂಲಕ ಮೀಸಲಿಗೆ ಶಾಸನದ ಬಲವನ್ನು ಪಡೆಯಿತು. ಇಷ್ಟೇ ಅಲ್ಲದೆ, ದ್ವೀಪದ ಸುತ್ತಲೂ ಸಿಡಿಮದ್ದು, ವಿಷ, ಮುರೊ-ಆಮಿ, ಬಹು ಸಣ್ಣ ಕಣ್ಣಿನ ಬಲೆಗಳನ್ನು ಬಳಸಕೂಡದೆಂದೂ, ಹೊರಗಿನವರು ಅಲ್ಲಿ ಮೀನು ಹಿಡಿಯಕೂಡದೆಂದೂ ಕಟ್ಟುಪಾಡಾಯಿತು. ಊರವರದೇ ಕಾವಲುಪಡೆಗೆ ‘ಬಂತಾಯ್ ದಾಗತ್’, ಎಂದರೆ ಕಡಲ ಕಾವಲು, ಎಂದು ಹೆಸರಾಯಿತು.

ಇಲ್ಲಿ ಕ್ರಮವನ್ನು ಗಮನಿಸಬೇಕು. ಸುಮಿಲೋನಿನಲ್ಲಿ ಕಟ್ಟಳೆಯು ಮೊದಲು ಬಂದಿತು. ಸಮ್ಮತಿಯು ತರುವಾಯ ಬರುವುದೆಂದು ನಿರೀಕ್ಷಿಸಲಾಗಿತ್ತು. ಆಪೊವಿನಲ್ಲಿ ಸಮ್ಮತಿಯು ಮೊದಲು. ಕಟ್ಟಳೆಯು ಅದಕ್ಕೆ ಹಾಕಿದ ಮುದ್ರೆ.

೫

ಆಪೊವಿನಿಂದ ಜನರಿಗೆ ಆದ ಹಿತವನ್ನು ಮೂರು ವಿಧವಾಗಿ ಎಣಿಸಬಹುದು.

ಮೊದಲನೆಯದು ಆಹಾರ. ೧೯೮೩ರಿಂದ ೨೦೦೧ರ ವರೆಗೆ ನೀರಿನೊಳಗೆ ಮುಳುಗಿ ನಡೆಸಿದ ಎಣಿಕೆಗಳಿಂದ, ದ್ವೀಪದವರ ಹಿಡುವಳಿಯಲ್ಲಿ ಮುಖ್ಯವಾದ ಎರಡು ವರ್ಗದ ಮೀನುಗಳ ರಾಶಿಯು ಮೀಸಲಿನೊಳಗೆ ಸುಮಾರು ಮೂರು ಪಟ್ಟಾಯಿತೆಂದು ತಿಳಿದುಬಂದಿದೆ. ಒಂದು, ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳುಳ್ಳ ಅಕಾಂಥುರಿಡೆ ವರ್ಗ. ಇನ್ನೊಂದು, ವೇಗವಾಗಿ ಈಜಿ ಬೇಟೆಯಾಡುವ ಕಾರಾಂಜಿಡೆ ವರ್ಗ. ಗಾಳದವನ ಒಂದೊಂದು ಸಲದ ಹಿಡುವಳಿಯು ಮೀಸಲಿನ ಆರಂಭಕಾಲಕ್ಕಿಂತ ಸುಮಾರು ಒಂದೂವರೆ ಪಟ್ಟಾಯಿತು. ಒಟ್ಟು ಮೀನು ಕುಗ್ಗಲಿಲ್ಲ, ಅದನ್ನು ಹಿಡಿಯುವ ಶ್ರಮವು ತಗ್ಗಿತು. ಬೆಸ್ತನ ಪಾಲಿಗೆ ಇದು ಅಲ್ಪವಾದ ಲಾಭವಲ್ಲ. ದೂರದ ಕಡಲಿನ ಅಪಾಯವೂ ದೋಣಿಯ ವೆಚ್ಚವೂ ಇದರಿಂದ ಉಳಿದುವು.

ಇದರ ಕಾರಣವು ಗೂಢವಾದುದಲ್ಲ. ಮೀಸಲಿನೊಳಗೆ ಮೀನು ಮುಪ್ಪಿನ ವರೆಗೆ ಬೆಳೆಯುತ್ತದೆ. ದೊಡ್ಡ ಹೆಣ್ಣು ಮೀನು ಚಿಕ್ಕದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆಗಳನ್ನಿಡುತ್ತದೆ. ಸಣ್ಣ ಮರಿಗಳು ನೀರಿನ ಸೆಳೆತದಲ್ಲಿ ತೇಲಿ ಹೊರಗಿನ ದಿಬ್ಬಗಳಿಗೆ ಸೇರುತ್ತವೆ. ಒಳಗೆ ಸಂದಣಿ ಹೆಚ್ಚಿದಾಗ ಬೆಳೆದ ಮೀನುಗಳೂ ಎಲ್ಲೆ ದಾಟಿ ಹೊರಬರುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳನ್ನು ದಡದಲ್ಲಿ ನಿಲ್ಲಿಸುವ ನಿಯಮದಲ್ಲಿಯೂ, ಮೀನಿಗೆ ಸಂತಾನವೃದ್ಧಿಯ ಅವಕಾಶ ಕೊಡಬೇಕೆಂಬ ಇದೇ ಭಾವವಿದೆ. ಅಲ್ಲಿ ಮೀಸಲಾಗುವುದು ಕಾಲ, ಇಲ್ಲಿ ಮೀಸಲಾದುದು ಸ್ಥಳ. ಕಾಲದ ನಿಷೇಧವು ತೆರವಾದೊಡನೆ ಚಿಕ್ಕದೂ ದೊಡ್ಡದೂ ಬಲೆಗೆ ಬೀಳುತ್ತವೆ. ಸ್ಥಳದ ನಿಷೇಧದಲ್ಲಿ ಮುಪ್ಪಿನ ಮೀನು ಉಳಿಯುತ್ತದೆ.

ಎರಡನೆಯದು ಮೀನಲ್ಲದ ಆದಾಯ. ದಿಬ್ಬದ ಚೆಲುವನ್ನು ನೋಡಲು ಮುಳುಗುಗಾರರು ಬರತೊಡಗಿದರು. ಅವರಿಂದ ಪಡೆದ ಶುಲ್ಕವೂ, ವಸತಿ, ಊಟ, ದೋಣಿ, ಬಟ್ಟೆಯ ಮಾರಾಟ ಇವುಗಳಿಂದ ಬಂದ ಹಣವೂ ದ್ವೀಪದ ಗಂಡಸರಿಗೂ ಹೆಂಗಸರಿಗೂ ಬೇರೊಂದು ಜೀವನೋಪಾಯವಾಯಿತು. ಮಕ್ಕಳ ವಿದ್ಯಾಭ್ಯಾಸಕ್ಕೂ ಇದು ಒದಗಿತು.

ಮೂರನೆಯದನ್ನು ಅಂಕಿಗಳಲ್ಲಿ ಹೇಳುವುದು ಕಷ್ಟ. ತಮ್ಮ ಕಡಲನ್ನು ತಾವು ಆಳಬಲ್ಲೆವೆಂಬ ವಿಶ್ವಾಸವು ಆ ಊರಿಗೆ ಬಂದಿತು. ನೆರೆಯವನೂ ನಿಯಮವನ್ನು ಪಾಲಿಸುವನೆಂಬ ಭರವಸೆಯಿಲ್ಲದುದೇ ಹಿಂದಿನ ಸುಳಿಗೆ ಕಾರಣವಾಗಿತ್ತೆಂದು ಮೇಲೆ ಹೇಳಿದೆ. ಈ ಭರವಸೆಯು ಹುಟ್ಟಿದುದೇ ಎಲ್ಲ ಲಾಭಗಳ ಮೂಲವೆಂದು ನನಗೆ ತೋರುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ಹೇಳಬಹುದು. ಆಪೊವಿನಲ್ಲಿ ಮೀಸಲಿನ ಜೊತೆಗೆ ವಿಷ, ಸಿಡಿಮದ್ದುಗಳ ನಿಷೇಧವೂ, ಹೊರಗಿನವರ ನಿಷೇಧವೂ, ಪ್ರವಾಸಿಗಳ ಆಗಮನವೂ ಕೂಡಿಬಂದುವು. ಏರಿದ ಹಿಡುವಳಿಯೆಲ್ಲವೂ ಮೀಸಲಿನದೇ ಫಲವೆಂದು ಹೇಳುವುದು ಹೇಗೆ? ಆಪೊ ಒಂದನ್ನೇ ನೋಡಿದರೆ ಈ ಆಕ್ಷೇಪವು ಬಲವಾದುದೇ. ಆದುದರಿಂದಲೇ ಎರಡು ದ್ವೀಪಗಳನ್ನೂ ಜೊತೆಯಾಗಿ ಓದಬೇಕು. ಸುಮಿಲೋನಿನಲ್ಲಿ ಮೀಸಲು ತೆರೆದ ಒಡನೆ ಸುತ್ತಲಿನ ಹಿಡುವಳಿ ಬಿದ್ದುದು ಆಪೊವಿನ ಏರಿಕೆಗೆ ಅರ್ಥವನ್ನು ಕೊಡುತ್ತದೆ.

೬

ಆಪೊವಿನ ಚರಿತ್ರೆಯು ಅಲ್ಲಿಗೇ ಮುಗಿದಿದ್ದರೆ ಅದು ಸುಖಾಂತವಾದ ಕಥೆಯಾಗುತ್ತಿತ್ತು. ಅದರ ಕೀರ್ತಿಯೇ ಅದಕ್ಕೆ ಹೊಸ ತೊಡಕನ್ನು ತಂದಿತು. ೧೯೯೧ರ ಸ್ಥಳೀಯ ಸರಕಾರಗಳ ಶಾಸನವು ಪುರಸಭೆಗಳಿಗೆ ತೀರದಿಂದ ಹದಿನೈದು ಕಿಲೋಮೀಟರ್ ವರೆಗಿನ ಕಡಲಿನ ಮೇಲೆ ಅಧಿಕಾರ ಕೊಟ್ಟಿತು. ಇದರಿಂದ ಊರುಗಳ ಕೈ ಬಲವಾಯಿತು. ೧೯೯೨ರ ರಾಷ್ಟ್ರೀಯ ರಕ್ಷಿತ ಪ್ರದೇಶಗಳ ಶಾಸನವಾದರೋ ಅಧಿಕಾರವನ್ನು ರಾಜಧಾನಿಯ ಕಡೆಗೆ ಎಳೆಯಿತು. ೧೯೯೪ರಲ್ಲಿ ಅಧ್ಯಕ್ಷರ ಘೋಷಣೆಯಿಂದ ಆಪೊ ದ್ವೀಪವೂ ಅದರ ಕಡಲೂ ರಾಷ್ಟ್ರೀಯ ರಕ್ಷಿತ ಪ್ರದೇಶವಾದುವು. ಆಡಳಿತವು ಊರವರ ಸಮಿತಿಯಿಂದ, ಸರಕಾರಿ ಅಧಿಕಾರಿಗಳು ಮುಖ್ಯರಾದ ಮಂಡಳಿಗೆ ಹೋಯಿತು. ಪ್ರವಾಸಿಗಳ ಶುಲ್ಕವು ರಾಷ್ಟ್ರದ ಬೊಕ್ಕಸಕ್ಕೆ ಹೋಗಿ, ಅದರಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಮರಳಿ ಬರಬೇಕೆಂದು ನಿಯಮವಾಯಿತು. ಆ ಹಣವು ಮರಳುವುದರಲ್ಲಿ ವಿಳಂಬವಾಗುತ್ತಿತ್ತು. ತಾವು ಕಾದ ಕಡಲಿನ ಮಾತು ತಮ್ಮ ಕೈಮೀರಿತೆಂಬ ಕೊರಗು ದ್ವೀಪದವರಲ್ಲಿ ಹುಟ್ಟಿತು. ಸುಮಿಲೋನಿನಲ್ಲಿ ಕಂಡ ಬಿರುಕೇ ಇಲ್ಲಿ ಬೇರೊಂದು ರೂಪದಲ್ಲಿ ತಲೆದೋರಿತೆನ್ನಬೇಕು.

ಪ್ರಕೃತಿಯೂ ತನ್ನ ಪಾಠವನ್ನು ಹೇಳಿತು. ೨೦೧೧ ಮತ್ತು ೨೦೧೨ರ ಡಿಸೆಂಬರ್ ತಿಂಗಳುಗಳಲ್ಲಿ ಬೀಸಿದ ಎರಡು ಚಂಡಮಾರುತಗಳು ದ್ವೀಪದ ಆಗ್ನೇಯದ ದಿಬ್ಬವನ್ನು, ಎಂದರೆ ಮೂವತ್ತು ವರ್ಷ ಕಾಯ್ದ ಮೀಸಲನ್ನೇ, ನುಚ್ಚುನೂರು ಮಾಡಿದುವು. ಬೆಸ್ತನ ಕೈಯನ್ನು ತಡೆದ ಕಟ್ಟಳೆಯು ಅಲೆಯನ್ನು ತಡೆಯಲಾರದು. ಹವಳವು ಚೇತರಿಸಿಕೊಳ್ಳಲೆಂದು ಆ ಭಾಗವನ್ನು ಮುಳುಗುಗಾರರಿಗೂ ಮುಚ್ಚಲಾಯಿತು. ಒಂದೇ ಮೀಸಲನ್ನು ನಂಬುವುದಕ್ಕಿಂತ ಹಲವು ದಿಕ್ಕುಗಳಲ್ಲಿ ಹಲವು ಚಿಕ್ಕ ಮೀಸಲುಗಳನ್ನು ಇಡುವುದು ಕ್ಷೇಮವೆಂಬುದು ಇದರಿಂದ ತಿಳಿಯುತ್ತದೆ.

ಆಲ್ಕಲಾ ಅವರಿಗೆ ೧೯೯೨ರಲ್ಲಿ ರಮೋನ್ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು. ೧೯೯೮ರ ಮೀನುಗಾರಿಕೆಯ ಶಾಸನವು ಪುರಸಭೆಗಳ ಕಡಲಿನಲ್ಲಿ ನೂರಕ್ಕೆ ಹದಿನೈದು ಪಾಲನ್ನಾದರೂ ಮೀನಿನ ಆಶ್ರಯಸ್ಥಾನವಾಗಿ ಬಿಡಬೇಕೆಂದು ವಿಧಿಸಿತು. ಆಪೊವನ್ನು ನೋಡಿ ಹೋದ ಬೆಸ್ತರಿಂದ ಬೇರೆ ಊರುಗಳಲ್ಲಿಯೂ ಮೀಸಲುಗಳು ಹುಟ್ಟಿ, ಆ ದೇಶದಲ್ಲಿ ಅವುಗಳ ಸಂಖ್ಯೆಯು ಸಾವಿರವನ್ನು ದಾಟಿದೆ. ಆದರೆ ಅವುಗಳಲ್ಲಿ ಎಷ್ಟೋ ಮೀಸಲುಗಳು ಕಾಗದದ ಮೇಲೆ ಮಾತ್ರ ಇವೆ.

ಈಗ ಈ ಪ್ರಶ್ನೆಯು ಇಡೀ ಲೋಕದ್ದಾಗಿದೆ. ೨೦೩೦ನೆಯ ಇಸವಿಯೊಳಗೆ ನೆಲ, ಒಳನಾಡಿನ ನೀರು, ಕಡಲುಗಳಲ್ಲಿ ನೂರಕ್ಕೆ ಮೂವತ್ತು ಪಾಲನ್ನು ರಕ್ಷಿಸಬೇಕೆಂದು ೨೦೨೨ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಿಕೊಂಡಿವೆ. ಸಂಕಲ್ಪವು ದೊಡ್ಡದು. ಆದರೆ ನೂರಕ್ಕೆ ಇಷ್ಟೆಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ಸುಮಿಲೋನಿನ ಸುತ್ತಲೂ ಗೆರೆಯಿತ್ತು. ಆಪೊವಿನಲ್ಲಿ ಹತ್ತನೆಯ ಒಂದು ಪಾಲು ಊರನ್ನು ಪೋಷಿಸಿತು, ಏಕೆಂದರೆ ಮೊದಲು ತ್ಯಾಗ ಮಾಡಿದ ಹದಿನಾಲ್ಕು ಕುಟುಂಬಗಳೇ ಕಾವಲಿಗೆ ಕುಳಿತುವು, ಮತ್ತು ಫಲವು ಬಂದಾಗ ಅದು ಅವರ ದೋಣಿಗೇ ಬಂದಿತು. ನಷ್ಟವನ್ನು ಹೊರುವವನೇ ಕಾವಲುಗಾರನೂ, ಫಲವನ್ನು ಉಣ್ಣುವವನೂ ಆದಲ್ಲಿ ಮೀಸಲು ಕಡಲು ಮನುಷ್ಯನಿಗೆ ಅನ್ನ ಕೊಟ್ಟಿದೆ. ಈ ಮೂವರು ಬೇರೆ ಬೇರೆಯಾದಲ್ಲಿ ಅದು ಹತ್ತು ವರ್ಷಗಳೊಳಗೆ ಮುರಿದುದನ್ನು ಸುಮಿಲೋನಿನಲ್ಲಿ ಕಂಡೆವು. ಎರಡೂ ದ್ವೀಪಗಳ ಚರಿತ್ರೆಯಿಂದ ಇಷ್ಟನ್ನು ನಿಶ್ಚಯವಾಗಿ ಹೇಳಬಹುದು.